ಎರಡು ರೇಫಗಳು

ಹಳಗನ್ನಡ ವ್ಯಾಕರಣವನ್ನು ಮೂರು ದಶಕಗಳ ಕಾಲ ಬೋಧಿಸಿದ ಪ್ರಾಧ್ಯಾಪಕರೊಬ್ಬರು ಪ್ರತಿವರ್ಷವೂ ಮೊದಲ ಪಾಠದಲ್ಲಿ ಕರಿಹಲಗೆಯ ಮೇಲೆ ಎರಡು ಅಕ್ಷರಗಳನ್ನು ದೊಡ್ಡದಾಗಿ ಬರೆಯುತ್ತಿದ್ದರು. ಒಂದು ಱ, ಇನ್ನೊಂದು ೞ. ಮೊದಲನೆಯದು ಶಕಟರೇಫ, ಎರಡನೆಯದು ರಳ. ಇವೆರಡೂ ಕನ್ನಡದಲ್ಲಿ ಒಂದು ಕಾಲಕ್ಕೆ ಇದ್ದವು, ಈಗ ಇಲ್ಲ ಎಂದು ಹೇಳಿ ಮುಂದಿನ ಸೂತ್ರಕ್ಕೆ ಹೋಗುತ್ತಿದ್ದರು. ಆ ಧ್ವನಿಗಳನ್ನು ಉಚ್ಚರಿಸಿ ತೋರಿಸಿರೆಂದು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ, ಅವರೂ ತೋರಿಸಲಿಲ್ಲ. ಸತ್ತ ಅಕ್ಷರಕ್ಕೆ ಬಾಯಿಯ ಹಂಗೇಕೆ ಎಂಬ ಭಾವನೆ ಇಬ್ಬರಲ್ಲಿಯೂ ಇದ್ದಿರಬೇಕು. ಅದೇ ಪ್ರಾಧ್ಯಾಪಕರು ತಮ್ಮ 72ನೆಯ ವಯಸ್ಸಿನಲ್ಲಿ, ಊರಿನಿಂದ ಬಹುದೂರದ ನಾಗಪುರದಲ್ಲಿ ಕುಳಿತು, ಐದು ವರ್ಷದ ಮೊಮ್ಮಗಳೊಬ್ಬಳಿಂದ ಶಕಟರೇಫದ ಪಾಠ ಹೇಳಿಸಿಕೊಳ್ಳಬೇಕಾಯಿತು. ಪಾಠದ ಭಾಷೆ ಮಾತ್ರ ಕನ್ನಡವಾಗಿರಲಿಲ್ಲ, ಸ್ಪ್ಯಾನಿಷ್ ಆಗಿತ್ತು.

ನಿವೃತ್ತಿಯ ಅನಂತರ ಅವರು ಮಗನ ಮನೆಯಲ್ಲಿದ್ದರು. ಮನೆ ಇದ್ದದ್ದು ರಾಮದಾಸಪೇಠ್‌ನಲ್ಲಿ. ಸೀತಾಬರ್ಡಿಯ ಪೇಟೆಗೂ ಧಂತೋಲಿಗೂ ಹತ್ತಿರದ ಬಡಾವಣೆ ಅದು. ಹೆಜ್ಜೆಹೆಜ್ಜೆಗೂ ಆಸ್ಪತ್ರೆ, ವೈದ್ಯರ ನಾಮಫಲಕ, ಔಷಧದ ಅಂಗಡಿ. ಬೀದಿಯ ಮಾತು ಮರಾಠಿ ಮತ್ತು ಹಿಂದಿ, ಮನೆಯೊಳಗಿನ ಮಾತು ಕನ್ನಡ. ಮಗಳು ಮಾತ್ರ ಸಂಸಾರದೊಡನೆ ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ನೆಲೆಸಿದ್ದಳು. ರಾಮದಾಸಪೇಠ್‌ನಲ್ಲಿ ಸಂಜೆಯಾಗುವ ಹೊತ್ತಿಗೆ ಅಲ್ಲಿ ಮಧ್ಯಾಹ್ನ. ಭಾನುವಾರದ ಆ ಹೊತ್ತಿಗೆ ದೂರವಾಣಿಯ ಪರದೆಯ ಮೇಲೆ ಮೊಮ್ಮಗಳ ಮುಖ ಮೂಡುತ್ತಿತ್ತು. ಅವಳಿಗೆ ಕನ್ನಡ ತಾಯಿಯಿಂದ ಬಂದದ್ದು. ಉಳಿದದ್ದೆಲ್ಲವೂ ಶಾಲೆಯಿಂದ, ಆಟದ ಬಯಲಿನಿಂದ, ಸ್ಪ್ಯಾನಿಷ್‌ನಲ್ಲಿ ಬಂದದ್ದು. 'ಅಜ್ಜ' ಎಂಬುದು ಅವಳ ಬಾಯಲ್ಲಿ 'ಅಯ್ಯ' ಎಂದೇ ಕೇಳುತ್ತಿತ್ತು. ಸ್ಪ್ಯಾನಿಷ್‌ನಲ್ಲಿ ನಮ್ಮ ಜಕಾರವಿಲ್ಲ, ಸಜಾತೀಯ ಒತ್ತೂ ಇಲ್ಲ. ಶರಣರ ಸಂಬೋಧನೆಯೇ ತಮಗೆ ದೊರೆಯಿತೆಂದು ಪ್ರಾಧ್ಯಾಪಕರು ನಕ್ಕು ಸುಮ್ಮನಾಗಿದ್ದರು.

ಒಂದು ಭಾನುವಾರ ಅವಳು ತಾನು ಬರೆದ ನಾಯಿಯ ಚಿತ್ರವನ್ನು ತೋರಿಸಿ ಅದರ ಹೆಸರು ಹೇಳಿದಳು. ಅಜ್ಜ ಅದನ್ನೇ ತಿರುಗಿ 'ಪೆರೊ' ಎಂದರು. ಮಗು ಕಿಲಕಿಲನೆ ನಕ್ಕಿತು. ಹಿಂದಿನಿಂದ ಮಗಳು ಹೇಳಿದಳು: "ಅಪ್ಪಾ, ನೀವು ಹೇಳಿದ್ದು 'ಆದರೆ' ಎಂದಾಯಿತು. ನಾಯಿ ಎನ್ನಬೇಕಾದರೆ ರಕಾರವನ್ನು ಉರುಳಿಸಬೇಕು." ಅವರು ಮತ್ತೆ ಹೇಳಿದರು, ಮತ್ತೆ 'ಆದರೆ' ಎಂದೇ ಆಯಿತು. ಆ ರಾತ್ರಿ ಅವರು ಒಂದು ಹಳೆಯ ನೋಟುಪುಸ್ತಕದ ಹಾಳೆಯಲ್ಲಿ ಎರಡು ಪದಗಳನ್ನು ಬರೆದರು: ಪೆರೊ, ಪೆಱೊ. ಕೈ ತಾನಾಗಿಯೇ ಎರಡನೆಯ ಪದಕ್ಕೆ ಶಕಟರೇಫವನ್ನು ಹಾಕಿತ್ತು. ಅದನ್ನು ನೋಡಿ ಅವರಿಗೇ ಆಶ್ಚರ್ಯವಾಯಿತು.

ಅಂದಿನಿಂದ ಅವರ ಅಭ್ಯಾಸ ಮೊದಲಾಯಿತು. ಭಾಷೆಯನ್ನೆಲ್ಲ ಕಲಿಯುವ ಹಂಬಲ ಅವರಿಗಿರಲಿಲ್ಲ. ಅದರ ಧ್ವನಿಗಳು ಯಾವುವು, ಅವುಗಳನ್ನು ಒಂದರಿಂದ ಒಂದು ಬೇರೆ ಮಾಡುವುದು ಯಾವುದು, ಇಷ್ಟು ತಿಳಿದರೆ ಮಗು ಹೇಳುವುದು ಕಿವಿಗೆ ಹತ್ತೀತು ಎಂಬುದಷ್ಟೇ ಅವರ ಆಸೆ. ಅವರು ಮೊದಲು ಮಾಡಿದ ಕೆಲಸ, ಕನ್ನಡದ ವರ್ಣಮಾಲೆಯನ್ನು ಚೌಕ ಚೌಕವಾಗಿ ಬರೆದು ಸ್ಪ್ಯಾನಿಷ್‌ನಲ್ಲಿ ಇಲ್ಲದ್ದನ್ನು ಹೊಡೆದುಹಾಕಿದ್ದು. ಟವರ್ಗ ಇಡಿಯಾಗಿ ಹೋಯಿತು. ಮಹಾಪ್ರಾಣಗಳೆಲ್ಲವೂ ಹೋದವು. ದೀರ್ಘಸ್ವರಗಳು ಹೋದವು, ಉಳಿದದ್ದು ಅ, ಇ, ಉ, ಎ, ಒ ಎಂಬ ಐದೇ ಸ್ವರ. ಸಂಸ್ಕೃತದಲ್ಲಿಲ್ಲದ ಹ್ರಸ್ವ ಎಕಾರ ಒಕಾರಗಳನ್ನು ಕೇಶಿರಾಜನು ದೇಶೀಯವೆಂದು ಎಣಿಸಿದ್ದುಂಟು. ಅವೆರಡೂ ಸ್ಪ್ಯಾನಿಷ್‌ನ ಐದರಲ್ಲಿ ಇದ್ದವು. ಇಂಗ್ಲಿಷರ ಬಾಯಲ್ಲಿ ನಮಗೆ ಟಕಾರ ಡಕಾರಗಳಂತೆ ಕೇಳುವ ಅಕ್ಷರಗಳು ಸ್ಪ್ಯಾನಿಷ್‌ನಲ್ಲಿ ನಮ್ಮ ತಕಾರ ದಕಾರಗಳಂತೆಯೇ ದಂತ್ಯಗಳು. ಕ, ತ, ಪಗಳಲ್ಲಿ ಉಸಿರಿನ ಸೇರಿಕೆಯೂ ಇಲ್ಲ. ಹೀಗಾಗಿ ಕನ್ನಡದ ನಾಲಗೆಗೆ ಇಂಗ್ಲಿಷಿಗಿಂತ ಸ್ಪ್ಯಾನಿಷ್ ಹತ್ತಿರದ್ದಾಗಿ ತೋರಿತು. ಸ್ಪೇನಿನ ಹಳೆಯ ಸಂಪ್ರದಾಯದ ಉಚ್ಚಾರಣೆಯಲ್ಲಿ ವ್ಯಂಜನಗಳು 19. ದಕ್ಷಿಣ ಅಮೆರಿಕದ ಬಹುಭಾಗದಲ್ಲಿ 17. ಇಷ್ಟು ಚಿಕ್ಕ ಕೋಷ್ಟಕವನ್ನು ಒಂದು ವಾರದಲ್ಲಿ ಮುಗಿಸಬಹುದೆಂದು ಅವರು ಭಾವಿಸಿದ್ದರು.

ಈ ರೀತಿಯ ಕೋಷ್ಟಕ ನಮಗೆ ಹೊಸದಲ್ಲ. ಧ್ವನಿಯು ಹುಟ್ಟುವ ಸ್ಥಾನ, ಹುಟ್ಟಿಸುವ ಕರಣ, ಅದಕ್ಕೆ ಬೇಕಾದ ಪ್ರಯತ್ನ, ಈ ಮೂರರಿಂದ ವರ್ಣಗಳನ್ನು ವಿಂಗಡಿಸುವ ಕ್ರಮವನ್ನು ಪ್ರಾತಿಶಾಖ್ಯಗಳೂ ಶಿಕ್ಷಾಗ್ರಂಥಗಳೂ ಬಹು ಹಿಂದೆಯೇ ಮಾಡಿಟ್ಟಿದ್ದವು. ಅಮೆರಿಕದ ವಿದ್ವಾಂಸ ವಿಟ್ನಿ ಅಥರ್ವವೇದ ಪ್ರಾತಿಶಾಖ್ಯವನ್ನು 1862ರಲ್ಲಿ ಪ್ರಕಟಿಸಿದ ಮೇಲೆ ಪಶ್ಚಿಮದ ಧ್ವನಿಶಾಸ್ತ್ರಜ್ಞರಿಗೂ ಅದರ ಬೆಲೆ ಇನ್ನಷ್ಟು ತಿಳಿಯಿತು. ಸ್ಪ್ಯಾನಿಷ್ ಧ್ವನಿಗಳಿಗೆ ನವಾರ್ರೊ ತೋಮಾಸ್ 1918ರಲ್ಲಿ ಪ್ರಕಟಿಸಿದ ಉಚ್ಚಾರಣೆಯ ಕೈಪಿಡಿ ಅಂತಹದೊಂದು ಸೂಕ್ಷ್ಮ ವರ್ಣನೆ. ಆದರೆ ವರ್ಣನೆಯೇ ಎಲ್ಲವೂ ಅಲ್ಲ ಎಂಬುದು ಪ್ರಾಧ್ಯಾಪಕರಿಗೆ ದಕಾರದಲ್ಲಿ ಗೊತ್ತಾಯಿತು. ಪಗಡೆಯ ದಾಳಕ್ಕೆ ಆ ಭಾಷೆಯಲ್ಲಿ 'ದಾದೊ' ಎನ್ನುತ್ತಾರೆ. ಮೊದಲ ದಕಾರದಲ್ಲಿ ನಾಲಗೆ ಹಲ್ಲಿಗೆ ತಗುಲಿ ಉಸಿರು ಪೂರ್ತಿಯಾಗಿ ತಡೆಯುತ್ತದೆ. ಎರಡನೆಯದರಲ್ಲಿ ನಾಲಗೆ ಹಲ್ಲಿನ ಬಳಿಗೆ ಹೋಗಿ ಮುಟ್ಟಿಯೂ ಮುಟ್ಟದಂತೆ ಸಡಿಲವಾಗುತ್ತದೆ. ಸ್ವರಗಳ ನಡುವೆ ಬಕಾರ ಗಕಾರಗಳಿಗೂ ಇದೇ ಗತಿ. ಪ್ರಾಧ್ಯಾಪಕರ ಕಿವಿಗೆ ಇವು ಎರಡು ಧ್ವನಿ. ಮಗಳನ್ನು ಕೇಳಿದರೆ, ಎರಡೂ ಒಂದೇ ಎಂದು ಅಲ್ಲಿಯವರೆಲ್ಲ ಹೇಳುತ್ತಾರೆಂದಳು.

ಧ್ವನಿಮಾ ಎಂಬ ಪರಿಕಲ್ಪನೆಯನ್ನು ಅವರು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದರು. ಅರ್ಥವನ್ನು ಬದಲಿಸುವ ಶಕ್ತಿಯುಳ್ಳ ಭೇದ ಧ್ವನಿಮಾ. ಸನ್ನಿವೇಶಕ್ಕೆ ತಕ್ಕಂತೆ ಬೇರೆಯಾಗಿ ನುಡಿದರೂ ಅರ್ಥವನ್ನು ಕದಲಿಸದ ಭೇದ ಉಪಧ್ವನಿ. ತ್ರುಬೆಟ್ಸ್‌ಕೋಯ್‌ನ ಗ್ರಂಥ 1939ರಲ್ಲಿ ಇದನ್ನು ಶಾಸ್ತ್ರವಾಗಿ ನಿಲ್ಲಿಸಿತು. ಅಲಾರ್ಕೋಸ್ 1950ರಲ್ಲಿ ಅದನ್ನು ಸ್ಪ್ಯಾನಿಷ್‌ಗೆ ಅನ್ವಯಿಸಿದ. ನಮ್ಮ ಲಿಪಿಯಲ್ಲಿ ಇದರ ಒಂದು ಉದಾಹರಣೆ ದಿನವೂ ಕಣ್ಣಿಗೆ ಬೀಳುತ್ತದೆ. ಅಂಗಳ, ಅಂದ, ಅಂಬರ ಎಂಬ ಮೂರು ಪದಗಳಲ್ಲಿ ಬಿಂದು ಒಂದೇ. ಆದರೆ ಬಾಯಿ ಮೂರು ಕಡೆ ಮೂರು ಅನುನಾಸಿಕಗಳನ್ನು ನುಡಿಯುತ್ತದೆ. ಸ್ಪ್ಯಾನಿಷ್‌ನ ನಕಾರವೂ ಮುಂದಿನ ವ್ಯಂಜನವನ್ನು ನೋಡಿ ಹೀಗೆಯೇ ಜಾಗ ಬದಲಿಸುತ್ತದೆ. ಇದನ್ನು ಸಾವಿರಾರು ಸಲ ಬರೆದ ಕೈಯಿದ್ದೂ, ದಕಾರದ ವಿಷಯದಲ್ಲಿ ಕಿವಿ ಹಟ ಹಿಡಿದದ್ದೇಕೆ? ಶಾಸ್ತ್ರವನ್ನು ತಿಳಿದದ್ದು ಬೇರೆ, ಇನ್ನೊಬ್ಬರ ಕಿವಿಯಿಂದ ಕೇಳುವುದು ಬೇರೆ ಎಂದು ಅವರಿಗೆ ಆಗ ಅನ್ನಿಸಿತು.

ರಾಮದಾಸಪೇಠ್‌ನ ಬೀದಿಯೂ ಅದನ್ನೇ ಹೇಳಿತು. ಅಲ್ಲಿಗೆ ಬಂದ ಹೊಸದರಲ್ಲಿ ಅವರು ಮರಾಠಿಯನ್ನು ಪುಸ್ತಕದಿಂದ ಓದಿ ಮಾತನಾಡುತ್ತಿದ್ದರು. ಮರಾಠಿಯಲ್ಲಿ 'ಜಗ' ಎಂದರೆ ಲೋಕ. 'ಜಗ' ಎಂದರೆ ಬದುಕು ಎಂಬ ಆಜ್ಞೆಯೂ ಹೌದು. ಬರವಣಿಗೆಯಲ್ಲಿ ಎರಡೂ ಒಂದೇ. ಬಾಯಲ್ಲಿ ಮಾತ್ರ ಮೊದಲನೆಯದು ನಮ್ಮ ತಾಲವ್ಯ ಜಕಾರ, ಎರಡನೆಯದು ಹಲ್ಲಿನ ಬಳಿ ಹುಟ್ಟುವ, ಸಕಾರದ ನೆರಳುಳ್ಳ ಇನ್ನೊಂದು ಜಕಾರ. ಚಕಾರಕ್ಕೂ ಹೀಗೆ ಎರಡು ರೂಪ. 'ಚಾರ್' ಎಂಬ ಸಂಖ್ಯೆಯ ಚಕಾರವನ್ನೇ ಚಕ್ರವೆಂಬರ್ಥದ 'ಚಾಕ್'ಗೂ ಹಾಕಿ ಅವರು ನುಡಿದಾಗ ತರಕಾರಿಯವನು ಕ್ಷಣಕಾಲ ಮುಖ ನೋಡುತ್ತಿದ್ದ. ಅವನಿಗೆ ವ್ಯಾಕರಣ ತಿಳಿಯದು. ಆದರೆ ಆ ಭೇದ ಅವನ ಕಿವಿಯಲ್ಲಿತ್ತು. ಪ್ರಾಧ್ಯಾಪಕರಿಗೆ ವ್ಯಾಕರಣ ತಿಳಿದಿತ್ತು, ಭೇದ ಕಿವಿಯಲ್ಲಿರಲಿಲ್ಲ.

ರಕಾರದ ವಿಷಯ ಇದಕ್ಕಿಂತ ತೊಡಕಿನದು. ಸ್ಪ್ಯಾನಿಷ್‌ನಲ್ಲಿ ರೇಫಗಳು ಎರಡು. ಒಂದರಲ್ಲಿ ನಾಲಗೆಯ ತುದಿ ವರ್ತ್ಸವನ್ನು ಒಮ್ಮೆ ಮಾತ್ರ ತಟ್ಟಿ ಇಳಿಯುತ್ತದೆ, ಇದು ತಾಡಿತ. ಇನ್ನೊಂದರಲ್ಲಿ ಉಸಿರಿನ ಒತ್ತಡಕ್ಕೆ ನಾಲಗೆಯ ತುದಿ ಎರಡು ಮೂರು ಸಲ ಅದುರುತ್ತದೆ, ಇದು ಕಂಪಿತ. ಪದದ ಮೊದಲಲ್ಲಿ ಕಂಪಿತವೇ ಬರಬೇಕು. ನ, ಲ, ಸಗಳ ಮುಂದೆಯೂ ಅದೇ. ಸ್ವರಗಳ ನಡುವೆ ಮಾತ್ರ ಎರಡಕ್ಕೂ ಅವಕಾಶವಿದ್ದು, ಅಲ್ಲಿ ಅರ್ಥವೇ ಬೇರೆಯಾಗುತ್ತದೆ. ಕಾರೊ ಎಂದರೆ ದುಬಾರಿ, ಕಾಱೊ ಎಂದರೆ ಗಾಡಿ.

ಈ ಎರಡು ರೇಫಗಳು ಒಮ್ಮೆ ಕನ್ನಡದ ಆಸ್ತಿಯೂ ಆಗಿದ್ದವು. ಹಳಗನ್ನಡದಲ್ಲಿ ಅರಿ ಎಂದರೆ ಕತ್ತರಿಸು, ಅಱಿ ಎಂದರೆ ತಿಳಿ. ಕರೆ ಎಂದರೆ ಕೂಗು, ಕಱೆ ಎಂದರೆ ಹಾಲು ಹಿಂಡು. ಇಂದು ನಾವು ಮಗುವನ್ನು ಕರೆಯುತ್ತೇವೆ, ಹಸುವಿನ ಹಾಲನ್ನೂ ಕರೆಯುತ್ತೇವೆ. ಎರಡು ಬೇರೆ ಧಾತುಗಳು ಒಂದೇ ಧ್ವನಿಯಲ್ಲಿ ಕೂಡಿಕೊಂಡವೆಂಬುದು ನಮಗೆ ನೆನಪಿಲ್ಲ. 1260ರ ಸುಮಾರಿಗೆ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಅಚ್ಚಗನ್ನಡದ ವರ್ಣಗಳು 47 ಎಂದು ಲೆಕ್ಕ ಹಾಕಿದಾಗ ಱ, ೞಗಳನ್ನು ಬಿಡಲಿಲ್ಲ. ಅವನ ಕಾಲಕ್ಕೆ ೞ ಆಡುಮಾತಿನಿಂದ ಜಾರಿಹೋಗಿತ್ತು. ಆದ್ದರಿಂದಲೇ ಆ ವರ್ಣವುಳ್ಳ ಪದಗಳನ್ನು ಅವನು ಪಟ್ಟಿಮಾಡಿ ಕೊಡಬೇಕಾಯಿತು. ಕಿವಿ ಭೇದವನ್ನು ಕಾಯುವವರೆಗೆ ಪಟ್ಟಿ ಬೇಕಾಗುವುದಿಲ್ಲ. ಆ ಪಟ್ಟಿಯನ್ನು ಬಾಯಿಪಾಠ ಮಾಡಿಸಿದ್ದ ಪ್ರಾಧ್ಯಾಪಕರಿಗೆ ಅದು ಕಾವ್ಯದ ಅನುಕೂಲಕ್ಕೆ ಮಾಡಿದ ಸೂಚಿಯೆಂದಷ್ಟೇ ತೋರಿತ್ತು. ಈಗ ಅದು ಮರೆವಿನ ಅಂಚಿನಲ್ಲಿ ನಿಂತವನೊಬ್ಬನ ಎಚ್ಚರವಾಗಿ ಕಂಡಿತು.

ಅವರು ಹುಟ್ಟಿದ್ದು ಕಾಸರಗೋಡಿನಲ್ಲಿ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೇರಳಕ್ಕೆ ಸೇರಿದ ಆ ನಾಡಿನಲ್ಲಿ ಮನೆಯಲ್ಲಿ ಕನ್ನಡ, ಗದ್ದೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ. ಮಲಯಾಳದಲ್ಲಿ ಎರಡು ರೇಫಗಳು ಇಂದಿಗೂ ಬದುಕಿವೆ. ಕರ ಎಂದರೆ ದಡ, ಕಱ ಎಂದರೆ ಕಲೆ. ಬಾಲ್ಯದಲ್ಲಿ ಅಂಗಡಿಯವರ ಬಾಯಿಂದ ದಿನವೂ ಈ ಭೇದವನ್ನು ಕೇಳಿ, ಅದಕ್ಕೆ ಸರಿಯಾಗಿ ಮಾತನಾಡಿಯೂ ಇದ್ದ ಹುಡುಗ ಮುಂದೆ ಪ್ರಾಧ್ಯಾಪಕನಾಗಿ ಶಕಟರೇಫ ಸತ್ತಿದೆಯೆಂದು ಪಾಠ ಹೇಳಿದ್ದ! ಕನ್ನಡದಲ್ಲಿ ಸತ್ತಿದೆ ಎಂಬುದು ನಿಜವೇ. ಆದರೆ ಅದು ಹೇಗೆ ಕೇಳುತ್ತಿದ್ದಿರಬೇಕೆಂದು ತಿಳಿಸಲು ಮಲಯಾಳದ ಈ ಧ್ವನಿಗಿಂತ ಹತ್ತಿರದ ಸಾಕ್ಷಿ ಅವರಿಗೆ ಬೇಕಿರಲಿಲ್ಲ. ಆ ಸಾಕ್ಷಿಯನ್ನು ಅವರು ತರಗತಿಗೆ ಕರೆತರಲೇ ಇಲ್ಲ. ನಾಗಪುರದ ಮನೆಯಲ್ಲಿ ಇದು ನೆನಪಾದ ರಾತ್ರಿ ಅವರಿಗೆ ನಿದ್ರೆ ಹತ್ತಲಿಲ್ಲ.

ಕಿವಿಗೆ ಬಂದದ್ದು ನಾಲಗೆಗೆ ಬರಲು ಮತ್ತೂ ಕೆಲವು ದಿನ ಹಿಡಿಯಿತು. ಮಲಯಾಳ ಬಿಟ್ಟು ಐವತ್ತು ವರ್ಷವಾಗಿತ್ತು. ಕೊನೆಗೆ ದಾರಿ ತೋರಿದ್ದು ಕನ್ನಡವೇ. ಗರ್ರನೆ ತಿರುಗಿತು, ಸರ್ರನೆ ಜಾರಿತು, ಬುರ್ರನೆ ಹಾರಿತು, ಎನ್ನುವಾಗ ನಾಲಗೆ ತಾನಾಗಿಯೇ ಅದುರುತ್ತದೆ. ಅನುಕರಣ ಪದಗಳೆಂದು ವ್ಯಾಕರಣದಲ್ಲಿ ಮೂಲೆಗೆ ಸೇರಿದ ಈ ಮಾತುಗಳಲ್ಲಿ ಕಂಪಿತ ರೇಫ ಅಡಗಿ ಕುಳಿತಿತ್ತು. ಬೆಳಗ್ಗೆ ಬಾಲ್ಕನಿಯಲ್ಲಿ ನಿಂತು ಅವರು 'ಬುರ್ರ್' ಎಂದು ಅಭ್ಯಾಸ ಮಾಡುತ್ತಿದ್ದರೆ, ಮಾವನಿಗೆ ಚಳಿಯಾಯಿತೇನೋ ಎಂದು ಸೊಸೆ ಶಾಲು ತಂದುಕೊಟ್ಟಳು. ಮುಂದಿನ ಭಾನುವಾರ ಅವರು ನಾಯಿಯನ್ನು ನಾಯಿಯೆಂದೇ ಕರೆದರು. ಮಗು ಚಪ್ಪಾಳೆ ತಟ್ಟಿತು.

ಕೋಷ್ಟಕದ ಉಳಿದ ಚೌಕಗಳೂ ಒಂದೊಂದಾಗಿ ಪರಿಚಯದವುಗಳಾದವು. ಸ್ಪ್ಯಾನಿಷ್ ಬರವಣಿಗೆಯಲ್ಲಿ ಹಕಾರದ ಅಕ್ಷರವಿದೆ, ಉಚ್ಚಾರಣೆಯಿಲ್ಲ. ಲ್ಯಾಟಿನ್ನಿನ 'ಫರೀನಾ', ಅಂದರೆ ಹಿಟ್ಟು, ಮೊದಲು ಫಕಾರ ಕಳೆದು ಹಕಾರವಾಗಿ, ಅನಂತರ ಹಕಾರವೂ ಉದುರಿ 'ಅರೀನಾ' ಆಯಿತು. ಅಕ್ಷರ ಮಾತ್ರ ಗುರುತಿಗೆ ಉಳಿಯಿತು. ಪಾಲು ಹಾಲಾದದ್ದನ್ನು, ಪೂ ಹೂವಾದದ್ದನ್ನು, ಕೆಲವೆಡೆಯ ಆಡುಮಾತಿನಲ್ಲಿ ಆ ಹಾಲು 'ಆಲು' ಆದದ್ದನ್ನು ಪಾಠ ಹೇಳಿದವರಿಗೆ ಇದು ನೆರೆಮನೆಯ ಕಥೆಯಂತಿತ್ತು. ಹಾಗೆಯೇ ಬ ಮತ್ತು ವ ಎಂದು ನಾವು ತಿಳಿಯುವ ಎರಡು ಅಕ್ಷರಗಳು ಅಲ್ಲಿ ಒಂದೇ ಧ್ವನಿಗೆ ನಿಲ್ಲುತ್ತವೆ. ತಮಿಳರ 'ವಾ' ಎಂಬುದು ಕನ್ನಡದಲ್ಲಿ 'ಬಾ' ಆದದ್ದನ್ನು ಬಲ್ಲವರಿಗೆ ಆ ಎರಡರ ನಂಟೂ ಹೊಸದಲ್ಲ.

ಚಳಿಗಾಲದಲ್ಲಿ ನಾಗಪುರದ ಬೀದಿಗಳಲ್ಲಿ ಕಿತ್ತಳೆಯ ರಾಶಿ ಬೀಳುತ್ತದೆ. ಅಲ್ಲಿಯವರು ಸಂತ್ರಾ ಎನ್ನುತ್ತಾರೆ. ಪರದೆಯ ಮುಂದೆ ಹಣ್ಣು ಹಿಡಿದು ತೋರಿಸಿದಾಗ ಮೊಮ್ಮಗಳು 'ನರಾಂಖ' ಎಂದಳು. ಕೊನೆಯ ಧ್ವನಿ ನಮ್ಮ ಖಕಾರವಲ್ಲ. ಗಂಟಲ ಬಳಿ ಉಸಿರು ಉಜ್ಜಿ ಬರುವ ಕಂಠ್ಯ ಘರ್ಷ. ಉರ್ದುವಿನ ಖಬರ್, ಖರ್ಚುಗಳನ್ನು ಅಲ್ಲಿನ ಬೀದಿಯಲ್ಲಿ ಕೇಳಿದವರಿಗೆ ಅದು ಕಷ್ಟದ್ದಲ್ಲ. ದ್ರಾವಿಡ ಮೂಲದ್ದೆಂದು ವಿದ್ವಾಂಸರು ಹೇಳುವ ಪದ ಸಂಸ್ಕೃತದಲ್ಲಿ ನಾರಂಗವಾಗಿ, ಪಾರಸಿಯನ್ನು ಹಾದು, ಅರಬ್ಬರೊಡನೆ ಸ್ಪೇನಿಗೆ ಹೋದಾಗ ಅದರ ಕೊನೆಯಲ್ಲಿ ಜಕಾರದಂತಹ ಧ್ವನಿಯಿತ್ತು. 16, 17ನೆಯ ಶತಮಾನಗಳಲ್ಲಿ ಆ ಧ್ವನಿ ತಾಲುವಿನಿಂದ ಹಿಂದೆ ಸರಿದು ಗಂಟಲಿಗೆ ಇಳಿಯಿತು. ಕಾಸರಗೋಡಿನ ಪೇಟೆಯಲ್ಲಿ ನಿಂಬೆಗೆ 'ನಾರಙ್ಙ' ಎನ್ನುವುದನ್ನು ಬಾಲ್ಯದಲ್ಲಿ ಕೇಳಿದವರು, ಅದೇ ಪದ ಲೋಕ ಸುತ್ತಿ ಮೊಮ್ಮಗಳ ಬಾಯಿಂದ ಹಿಂತಿರುಗಿದ್ದನ್ನು ಕೇಳಿ ಬಹಳ ಹೊತ್ತು ಹಣ್ಣನ್ನು ಕೈಯಲ್ಲೇ ಹಿಡಿದಿದ್ದರು.

ಒಂದು ಚೌಕ ಮಾತ್ರ ಅವರಿಗೆ ವಶವಾಗಲಿಲ್ಲ. ಮ್ಯಾಡ್ರಿಡ್‌ನ ನುಡಿಯಲ್ಲಿ ಸಕಾರಕ್ಕೆ ಜೊತೆಯಾಗಿ, ಹಲ್ಲುಗಳ ನಡುವೆ ನಾಲಗೆಯಿಟ್ಟು ಉಸಿರು ಬಿಡುವ ಇನ್ನೊಂದು ಘರ್ಷಧ್ವನಿಯಿದೆ. ಮನೆ ಎಂಬ ಪದಕ್ಕೂ ಬೇಟೆ ಎಂಬ ಪದಕ್ಕೂ ಅಲ್ಲಿ ವ್ಯತ್ಯಾಸ ಅದೊಂದೇ. ಮಗು ಎಷ್ಟು ಸಲ ಹೇಳಿದರೂ ಅವರಿಗೆ ಎರಡೂ 'ಕಾಸ' ಎಂದೇ ಕೇಳಿತು. ಮೊದಲು ದೂರವಾಣಿಯ ಮೇಲೆ ತಪ್ಪು ಹೊರಿಸಿದರು. ಆಮೇಲೆ ಮೊಮ್ಮಗಳ ಕನ್ನಡದಲ್ಲಿಯೂ ಸಕಾರಗಳು ಮಾಯವಾಗುತ್ತಿವೆಯೆಂದು ಅರಿವಾದಾಗ ಮೌನವಾದರು. ಮಗ ಮನೆಯ ಹತ್ತಿರದ ಶ್ರವಣ ಚಿಕಿತ್ಸಾಲಯಕ್ಕೆ ಕರೆದೊಯ್ದ. ಗಾಜಿನ ಕೋಣೆಯಲ್ಲಿ ಕೂರಿಸಿ, 250 ಹರ್ಟ್ಸ್‌ನಿಂದ 8000 ಹರ್ಟ್ಸ್‌ವರೆಗೆ ನಾದಗಳನ್ನು ಕೇಳಿಸಿ, ಅಲ್ಲಿಯ ತಜ್ಞೆ ಒಂದು ನಕ್ಷೆ ಬರೆದಳು. ಗೆರೆ ಎಡದಲ್ಲಿ ಸಮವಾಗಿದ್ದು ಬಲಕ್ಕೆ ಹೋದಂತೆ ಕೆಳಗಿಳಿದಿತ್ತು. ವಯಸ್ಸಾದವರ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಶ್ರುತಿಗಳನ್ನು; ಸ, ಫ ಮೊದಲಾದ ಉಸಿರಿನ ಧ್ವನಿಗಳು ಅಲ್ಲಿರುವುದರಿಂದ ಅವು ಮೊದಲು ಮಸುಕಾಗುತ್ತವೆ ಎಂದು ಅವಳು ಮರಾಠಿಯಲ್ಲಿ ವಿವರಿಸಿ, "ಕಾಕಾ, ಯಂತ್ರ ಹಾಕಿಕೊಂಡರೆ ಬಹಳ ಮಟ್ಟಿಗೆ ಸರಿಹೋಗುತ್ತದೆ, ಪೂರ್ತಿ ಅಲ್ಲ" ಎಂದಳು.

ಮನೆಗೆ ಬಂದು ಅವರು ಆ ನಕ್ಷೆಯನ್ನು ತಮ್ಮ ಕೋಷ್ಟಕದ ಪಕ್ಕದಲ್ಲಿಟ್ಟರು. ರೇಫಗಳೆರಡೂ ಅವರಿಗೆ ಇನ್ನೂ ಸ್ಪಷ್ಟವಾಗಿ ಕೇಳುತ್ತಿದ್ದವು. ನಾಲಗೆಯ ಅದುರು ತಗ್ಗಿನ ನಾದ, ಅದು ಮುದಿ ಕಿವಿಗೂ ಮುಟ್ಟುತ್ತದೆ. ಕನ್ನಡ ಕಳೆದುಕೊಂಡ ಭೇದ ಅವರಿಗೆ ಉಳಿದಿತ್ತು. ಉಳಿಯದೆ ಹೋದದ್ದು ಸಕಾರದ ಭೇದ. ಆದರೆ ಅದನ್ನು ಕಳೆದುಕೊಂಡವರು ಅವರೊಬ್ಬರೇ ಅಲ್ಲ. ಲ್ಯಾಟಿನ್ ಅಮೆರಿಕದವರೂ ಸ್ಪೇನಿನ ದಕ್ಷಿಣದ ಅನೇಕರೂ ಎರಡನ್ನೂ ಒಂದಾಗಿ ನುಡಿಯುತ್ತಾರೆ. ಈಕ್ವೆಡಾರಿನಿಂದ ಬಂದ ಮೊಮ್ಮಗಳ ಗೆಳತಿಯೂ ಹಾಗೆಯೇ ಹೇಳುತ್ತಾಳಂತೆ. ಮನೆಯನ್ನೂ ಬೇಟೆಯನ್ನೂ ಮಾತಿನ ಸಂದರ್ಭದಿಂದ ತಿಳಿಯುತ್ತಾಳಂತೆ. ಕರೆ, ಕಱೆಗಳನ್ನು ಒಂದು ಮಾಡಿಕೊಂಡು ನಾವು ಇಷ್ಟು ಕಾಲ ನಡೆಸಿದ್ದೂ ಹೀಗೆಯೇ ಅಲ್ಲವೇ? ಈ ವಿಚಾರ ಅವರಿಗೆ ಸಮಾಧಾನ ಕೊಟ್ಟಿತು. ಯಂತ್ರವನ್ನೂ ತರಿಸಿಕೊಂಡರು.

ಪಾಠ ಒಂದೇ ಕಡೆಯಿಂದ ನಡೆಯಲಿಲ್ಲ. ಬಲೆ, ಬಳೆ, ಬಾಲೆ, ಬಾಳೆ ಎಂಬ ನಾಲ್ಕು ಪದಗಳನ್ನು ಅವರು ಮಗುವಿಗೆ ಕಲಿಸತೊಡಗಿದರು. ಹ್ರಸ್ವದೀರ್ಘದ ಒಂದು ಭೇದ, ಲಳಗಳ ಒಂದು ಭೇದ. ಎರಡು ಭೇದಗಳಿಂದ ನಾಲ್ಕು ಅರ್ಥ. ಅವಳ ಕಿವಿಗೆ ನಾಲ್ಕೂ ಒಂದೇ. ಅವಳ ಭಾಷೆಯಲ್ಲಿ ಅರ್ಥವನ್ನು ಬದಲಿಸುವುದು ಸ್ವರದ ಉದ್ದವಲ್ಲ, ಸ್ವರದ ಮೇಲಿನ ಒತ್ತು. 'ಪಾಪ' ಎಂದು ಮೊದಲನ್ನು ಒತ್ತಿದರೆ ಅಲ್ಲಿ ಕೆಲವರಿಗೆ ಆಲೂಗಡ್ಡೆ, ಕೊನೆಯನ್ನು ಒತ್ತಿದರೆ ಅಪ್ಪ. ಅಜ್ಜನಿಗೆ ಅವು ಬೇರೆಯಾಗಿ ಕೇಳದಿದ್ದಾಗ ಅವಳು ನಗುತ್ತಿದ್ದಳು. ಬಳೆಹಣ್ಣು ಎಂದು ಅವಳು ಕೇಳಿದಾಗ ಅಜ್ಜ ನಗುತ್ತಿದ್ದರು. ಆದರೆ ಬಾಳೆ ಎಂಬ ತಮ್ಮ ಪದವೂ ಮೂಲದಲ್ಲಿ ಬಾೞೆಯೆಂಬುದು ನೆನಪಾದ ದಿನ ಆ ನಗೆ ಕಡಿಮೆಯಾಯಿತು. ಪಂಪನ ಕಾಲದ ಕನ್ನಡಿಗನೊಬ್ಬ ಕೇಳಿದರೆ ಪ್ರಾಧ್ಯಾಪಕರ ಉಚ್ಚಾರಣೆಗೂ ಹೀಗೆಯೇ ನಕ್ಕಾನು.

ಮಾರ್ಚ್ ತಿಂಗಳ ಒಂದು ಸಂಜೆ, ಹೊಸ ಯಂತ್ರವನ್ನು ಕಿವಿಗಿಟ್ಟು ಕುಳಿತಿದ್ದಾಗ ಕರೆ ಬಂತು. ಮೊಮ್ಮಗಳು ಕೈಯಲ್ಲಿ ಹಣ್ಣೊಂದನ್ನು ಎತ್ತಿ ಹಿಡಿದು, "ಅಯ್ಯ, ಬಾಲೆಹಣ್ಣು" ಎಂದಳು. ದೀರ್ಘ ಬಂದಿತ್ತು, ಳಕಾರ ಬಂದಿರಲಿಲ್ಲ. ಜೀವಮಾನವೆಲ್ಲ ಉತ್ತರಪತ್ರಿಕೆಗಳಲ್ಲಿ ಲಕಾರವನ್ನು ಕೆಂಪು ಶಾಯಿಯಿಂದ ತಿದ್ದಿದವರು ಬಾಯಿ ತೆರೆದು, ಮತ್ತೆ ಸುಮ್ಮನಾದರು. "ಹೌದು ಮಗೂ, ಬಾಳೆಹಣ್ಣೇ" ಎಂದು ಮೆಲ್ಲನೆ ಹೇಳಿ, ಅವಳು ತಿಂದು ಮುಗಿಸುವವರೆಗೂ ನೋಡುತ್ತಿದ್ದರು. ಕರೆ ಮುಗಿದ ಮೇಲೆ ನೋಟುಪುಸ್ತಕ ತೆರೆದು, ಪೆರೊ ಪೆಱೊಗಳ ಕೆಳಗೆ 'ಬಾಲೆಹಣ್ಣು' ಎಂದು ಅವಳು ನುಡಿದಂತೆಯೇ ಬರೆದು, ಮುಂದೆ ತಾರೀಖು ಹಾಕಿದರು.